ಕಾಲುವೆಯ ಆಚೆಗಿನ ಹನ್ನೊಂದು ತಿಂಗಳು

ವೀಸೆನ್‌ಲೋಹ್ ಪುರಸಭೆಯ ವಸತಿ ಹಂಚಿಕೆ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನಾನು ಈ ಊರಿಗೆ ಹೊಸಬಳು ಎಂದು ತಿಳಿಸಿ ನೀವು ಕಳಿಸಿದ ಪತ್ರ ತಲುಪಿತು. ನಲವತ್ತನಾಲ್ಕು ವರ್ಷಗಳ ಹಿಂದೆ ಇದೇ ಊರಿನ ಬೇಕರಿಯ ಮೇಲಿನ ಮನೆಯಲ್ಲಿ ಹುಟ್ಟಿದೆ. ಇಲ್ಲಿನ ಶಾಲೆಯಲ್ಲಿ ಓದಿದೆ, ಇಲ್ಲಿನ ಚರ್ಚಿನಲ್ಲಿ ಮದುವೆಯಾದೆ. ಇಲ್ಲಿನ ಶಿಶುವಿಹಾರದಲ್ಲಿ ನಿಮ್ಮೆಲ್ಲರ ಮಕ್ಕಳ ಮೂಗು ಒರೆಸಿ, ಅವರ ಕಾಲಿಗೆ ಬೂಟು ಹಾಕಿ ಕಳಿಸುವುದೇ ನನ್ನ ಉದ್ಯೋಗ. ಇಂಥ ನನಗೆ ನಿಮ್ಮ ಲೆಕ್ಕದಲ್ಲಿ ಈ ಊರಿನಲ್ಲಿ ಆಗಿರುವ ವಯಸ್ಸು ಮೂರು ವರ್ಷ ಆರು ತಿಂಗಳು. ನಮ್ಮ ಶಿಶುವಿಹಾರಕ್ಕೆ ಸೇರಿಕೊಳ್ಳಲು ಸರಿಯಾದ ವಯಸ್ಸು, ಒಪ್ಪಿಕೊಳ್ಳುತ್ತೇನೆ. ಆದರೆ ಹೊಸ ಸಾಲುಮನೆಗಳಲ್ಲಿ ಒಂದನ್ನು ಕೊಳ್ಳಲು ಸಾಲದಂತೆ.

ಇದನ್ನು ನಗುತ್ತ ಬರೆಯುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ನಾವು ಬಾಡಿಗೆಗಿರುವ ಮನೆಯನ್ನು ಮಾರ್ಚ್ ಮೂವತ್ತೊಂದಕ್ಕೆ ಬಿಟ್ಟುಕೊಡಬೇಕು. ಏಪ್ರಿಲ್ ಒಂದರಂದು ನನ್ನ ಇಬ್ಬರು ಮಕ್ಕಳು ಎಲ್ಲಿ ಮಲಗುತ್ತಾರೆಂದು ನನಗೆ ಗೊತ್ತಿಲ್ಲ. ನಿಮ್ಮ ನಿರ್ಧಾರಕ್ಕೆ ಆಕ್ಷೇಪಣೆ ಸಲ್ಲಿಸಲು ಬರುವ ಸೋಮವಾರ ಮಧ್ಯಾಹ್ನ ಹನ್ನೆರಡರವರೆಗೆ ಸಮಯವಿದೆ. ಇಂದು ಶುಕ್ರವಾರ. ಮೂರು ಸಲ ನಿಮ್ಮನ್ನು ಕಾಣಲು ಬಂದೆ, ಮೂರು ಸಲವೂ ನೀವು ಸಭೆಯಲ್ಲಿದ್ದಿರಿ. ಎರಡು ಪತ್ರ ಬರೆದೆ, ಎರಡಕ್ಕೂ ತಲುಪಿದೆ ಎಂಬ ಸ್ವೀಕೃತಿ ಮಾತ್ರ ಬಂತು. ಹಾಗಾಗಿ ಮೂರನೆಯದನ್ನು, ನೀವು ಬೆಳಗಿನ ಕಾಫಿಯ ಜೊತೆ ಓದುವ ನಮ್ಮ ಊರಿನ ಪತ್ರಿಕೆಗೇ ಕೊಟ್ಟಿದ್ದೇನೆ.

ನಿಮ್ಮ ಯೋಜನೆಯನ್ನು ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಹೊಗಳಲು ಮನಸ್ಸು ಬರಲಿಕ್ಕಿಲ್ಲ. ಮ್ಯೂನಿಕ್ ನಗರದಿಂದ ಉಪನಗರ ರೈಲಿನಲ್ಲಿ ಮೂವತ್ತೆಂಟು ನಿಮಿಷದ ಊರು ನಮ್ಮದು. ಕೆರೆಯಿದೆ, ಕಾಡಿದೆ, ಆಕಾಶ ತಿಳಿಯಾದ ದಿನ ಆಲ್ಪ್ಸ್ ಬೆಟ್ಟ ಕಾಣುತ್ತದೆ. ಇಷ್ಟಿದ್ದರೆ ಸಾಕಲ್ಲ, ನಗರದ ಹಣ ರೈಲು ಹತ್ತಿ ಬಂತು. ಇಲ್ಲೇ ಹುಟ್ಟಿದವರು ಇಲ್ಲಿನ ಮನೆಗಳ ಬೆಲೆ ಕೇಳಿ ಮುಂದಿನ ನಿಲ್ದಾಣಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಹೋದರು. ನನ್ನ ಜೊತೆ ಓದಿದ ಇಪ್ಪತ್ತಾರು ಜನರಲ್ಲಿ ಈಗ ಊರಲ್ಲಿರುವುದು ನಾಲ್ವರು. ಆಗ ಪುರಸಭೆ ಎದ್ದಿತು. ಹಳೆಯ ಜಲ್ಲಿಕ್ವಾರಿಯ ಜಾಗದಲ್ಲಿ ಹದಿನಾಲ್ಕು ಸಾಲುಮನೆ ಕಟ್ಟಿಸಿ, ಸಂಬಳದಲ್ಲಿ ಬದುಕುವವರ ಕೈಗೆಟಕುವ ಬೆಲೆಗೆ ಊರಿನವರಿಗೇ ಮಾರುವುದಾಗಿ ತೀರ್ಮಾನಿಸಿತು. "ಊರಿನ ಮನೆ ಊರಿನವರಿಗೆ" ಎಂದು ಹಸಿರು ಅಕ್ಷರದಲ್ಲಿ ಕರಪತ್ರ ಹೊರಟಿತು. ಆ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಎರಡನೇ ಸಾಲಿನಲ್ಲಿದ್ದೆ, ನಿಮಗೆ ನೆನಪಿರಲಾರದು.

ಊರಿನವರು ಯಾರೆಂದು ತಿಳಿಯುವುದು ಹೇಗೆ? ಅದಕ್ಕೆ ನೀವು ಅಂಕಪಟ್ಟಿ ಮಾಡಿದಿರಿ. ಮಕ್ಕಳಿಗೆ ಇಷ್ಟು, ಊರಿನಲ್ಲೇ ಕೆಲಸ ಮಾಡಿದರೆ ಇಷ್ಟು, ಊರಿಗಾಗಿ ಸಂಬಳವಿಲ್ಲದೆ ದುಡಿದರೆ ಇಷ್ಟು. ಎಲ್ಲಕ್ಕಿಂತ ಹೆಚ್ಚು ಅಂಕ ವಾಸಕ್ಕೆ: ವರ್ಷಕ್ಕೆ ಹತ್ತರಂತೆ ಐದು ವರ್ಷಕ್ಕೆ ಐವತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು. ವಾಸದಲ್ಲಿ ನಡುವೆ ಕಡಿತವಾಗಿರಬಾರದು, ಆಗಿದ್ದರೆ ಮರಳಿ ಬಂದ ದಿನದಿಂದ ಎಣಿಕೆ ಹೊಸದಾಗಿ ಶುರು. ಓದಿದಾಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸ್ಪೇನಿನಲ್ಲಿ ಹತ್ತು ವರ್ಷ ಬಿಸಿಲು ಕಾಯಿಸಿಕೊಂಡು ಅಗ್ಗದ ಮನೆಗಾಗಿ ಓಡಿ ಬರುವವರನ್ನು ತಡೆಯಲು ಇರಬೇಕು ಎಂದುಕೊಂಡೆ. ಅದು ನನ್ನನ್ನೇ ಹಿಡಿಯುವ ಬಲೆ ಎಂದು ಹೊಳೆಯಲೇ ಇಲ್ಲ.

ಈಗ ಆ ಕಡಿತದ ಕಥೆ ಕೇಳಿ. ನಾಲ್ಕೂವರೆ ವರ್ಷಗಳ ಹಿಂದಿನ ಜೂನ್ ತಿಂಗಳ ಆ ಭಾನುವಾರ ನಿಮಗೂ ನೆನಪಿದೆ. ಊಟದ ಹೊತ್ತಿಗೆ ಶುರುವಾದ ಮಳೆ ನಾಲ್ಕು ಗಂಟೆಗೆ ಕಾಲುವೆಯನ್ನು ದಡ ಮೀರಿಸಿತು. ನಾನು ಹತ್ತೊಂಬತ್ತು ವರ್ಷಗಳಿಂದ ನಮ್ಮ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿದ್ದೇನೆ, ದೊಡ್ಡ ನೀರಿನ ಗಾಡಿ ಓಡಿಸುವುದು ನನ್ನ ಕೆಲಸ. ಪೇಜರ್ ಕೂಗಿತು, ಹೋದೆ. ನಮಗೆ ಸಿಕ್ಕ ಮೊದಲ ಆದೇಶ ಪುರಸಭೆಯ ನೆಲಮಾಳಿಗೆಯ ನೀರು ಎತ್ತುವುದು, ಏಕೆಂದರೆ ಊರಿನ ಹಳೆಯ ಕಡತಗಳೆಲ್ಲ ಅಲ್ಲಿದ್ದವು. ಐದು ಗಂಟೆ ಕಾಲ ಪಂಪು ನಡೆಸಿದೆವು. ಒದ್ದೆಯಾಗುತ್ತಿದ್ದ ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ಸಾಗಿಸಿದೆವು. ಅವುಗಳ ಮೇಲೆ "ವಾಸ ನೋಂದಣಿ" ಎಂದು ಬರೆದಿತ್ತು. ಅದೇ ಹೊತ್ತಿನಲ್ಲಿ ಲಿಂಡನ್ ಬೀದಿಯ ನೆಲಮಹಡಿಯಲ್ಲಿ ನನ್ನ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಗಂಡ ಲೆನ್ಸ್ ಮಕ್ಕಳಿಬ್ಬರನ್ನು ಮಂಚದ ಮೇಲೆ ನಿಲ್ಲಿಸಿಕೊಂಡು ನನಗೆ ಫೋನು ಮಾಡುತ್ತಲೇ ಇದ್ದ. ಪಂಪಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಇದನ್ನು ಪುಣ್ಯದ ಕೆಲಸವೆಂದು ಹೇಳಿಕೊಳ್ಳುತ್ತಿಲ್ಲ. ಆ ದಿನ ನಿಮ್ಮ ಪೆಟ್ಟಿಗೆಗಳನ್ನು ಉಳಿಸಿದ ಕೈ ಯಾವುದೆಂದು ನಿಮಗೆ ತಿಳಿದಿರಲಿ ಎಂದಷ್ಟೇ.

ನಮ್ಮ ಕಟ್ಟಡದಲ್ಲಿ, ಅದರ ಪಕ್ಕದೆರಡು ಕಟ್ಟಡಗಳಲ್ಲಿ ಒಟ್ಟು ಹದಿನೇಳು ಮನೆ ಹಾಳಾದವು. ನೆಲ ಕಿತ್ತರು, ಗೋಡೆಯ ಗಾರೆಯನ್ನು ಎದೆಮಟ್ಟದವರೆಗೆ ಉದುರಿಸಿದರು, ಪಾಯಿಖಾನೆ ಕಿತ್ತು ಅಂಗಳದಲ್ಲಿಟ್ಟರು. ಒಣಗಿಸುವ ಯಂತ್ರಗಳು ತಿಂಗಳುಗಟ್ಟಲೆ ಗುಂಯ್ ಎನ್ನುತ್ತಿದ್ದವು. ಹದಿನೇಳು ಸಂಸಾರ ಸಿಕ್ಕ ಸಿಕ್ಕಲ್ಲಿಗೆ ಚದುರಿದವು: ತಂಗಿಯ ಮನೆ, ಅತ್ತೆಯ ಮನೆ, ನಗರದಲ್ಲಿ ಗೆಳೆಯರ ಖಾಲಿ ಕೋಣೆ. ನಮಗೆ ಕಾಲುವೆಯ ಆಚೆ ದಡದಲ್ಲಿ ಎರಡು ಕೋಣೆಯ ಒಂದು ಮನೆ ಸಿಕ್ಕಿತು. ಲಿಂಡನ್ ಬೀದಿಯಿಂದ ಮುನ್ನೂರ ಹತ್ತು ಹೆಜ್ಜೆ. ನನ್ನ ಮಗಳು ಮಾಗ್ದಾ ಎಣಿಸಿದ್ದಾಳೆ. ಅಡುಗೆಮನೆಯ ಕಿಟಕಿಯಿಂದ ನಮ್ಮ ಹಳೆಯ ಮನೆಯ ಮುಂಬಾಗಿಲು ಕಾಣುತ್ತಿತ್ತು. ಆದರೆ ಕಾಲುವೆಯ ಆಚೆ ದಡ ಉಂಟರ್‌ರೀಡ್ ಪುರಸಭೆಗೆ ಸೇರಿದ್ದು.

ಮನೆ ಬದಲಾಯಿಸಿದ ಎರಡು ವಾರದೊಳಗೆ ಹೊಸ ವಿಳಾಸ ನೋಂದಾಯಿಸಬೇಕೆಂದು ಈ ದೇಶದ ಕಾನೂನು. ನಾವು ಯಾವ ಜಾತಿಯ ಜನವೆಂದು ನಿಮಗೆ ಗೊತ್ತೇ ಇದೆ. ಮೈಲು ದೂರಕ್ಕೂ ಒಂದು ಗಾಡಿಯಿಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಲ್ಲುವವರು. ಮೊಸರಿನ ಡಬ್ಬಿಯ ಮುಚ್ಚಳವನ್ನೂ ಡಬ್ಬಿಯನ್ನೂ ಬೇರೆ ಬೇರೆ ತೊಟ್ಟಿಗೆ ಹಾಕುವವರು. ಭಾನುವಾರ ಸದ್ದು ಮಾಡಬಾರದೆಂಬ ನಿಯಮ ಮುರಿದು ಪಕ್ಕದವರು ಯಂತ್ರದಿಂದ ಹುಲ್ಲು ಕತ್ತರಿಸಿದರೆ ಬೇಲಿಯ ಮೇಲಿಂದ ಕ್ಯಾಲೆಂಡರ್ ತೋರಿಸುವವರು. ನಾನು ಅವರಲ್ಲಿ ಅತಿ ಕೆಟ್ಟ ನಮೂನೆ. ಒಂಬತ್ತನೆಯ ದಿನ ನಿಮ್ಮದೇ ಕಚೇರಿಗೆ ಬಂದು, ಸರದಿ ಚೀಟಿ ಹರಿದುಕೊಂಡು, ಕಿಟಕಿಯ ಮುಂದೆ ನಿಂತು ವಿಳಾಸ ಬದಲಿಸಿದೆ. ಕಿಟಕಿಯ ಹಿಂದಿದ್ದ ನಿಮ್ಮ ಸಿಬ್ಬಂದಿ ಕಾಗದ ನೋಡಿ ಹುಬ್ಬೇರಿಸಿದರು.

"ಆ ಮೂರು ಕಟ್ಟಡದಿಂದ ಬಂದಿರೋದು ನೀವೊಬ್ರೇ ಮೇಡಮ್. ಎಲ್ರೂ ನಿಮ್ಮ ಹಾಗೆ ನೆಟ್ಟಗಿದ್ದಿದ್ರೆ ನಮ್ಮ ಕೆಲಸ ಎಷ್ಟು ಹಗುರ ಆಗ್ತಿತ್ತು ಗೊತ್ತಾ?"

ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ. ಸಂಜೆ ಲೆನ್ಸ್‌ಗೆ ಹೇಳಿದರೆ ಅವನು ಸಾಕೆಟ್ ಬಿಚ್ಚುತ್ತಿದ್ದ ಕೈ ನಿಲ್ಲಿಸದೆ ಕೇಳಿದ, "ನಿಂಗೇನ್ ತಲೆ ಕೆಟ್ಟಿದ್ಯೇನೇ ವ್ರೋನಿ? ಗಾರೆ ಒಣಗೋ ತನಕ ಇರೋ ಮನೆಗೆ ಯಾರಾದ್ರೂ ವಿಳಾಸ ಬದಲಾಯಿಸ್ತಾರಾ?"

"ಕಾನೂನು ಹಾಗಿದೆಯಲ್ಲೋ."

"ಕಾನೂನು ಬಂದು ನಮ್ಮನೆ ನೆಲ ಒರೆಸ್ತಾ?"

ಆ ಹನ್ನೊಂದು ತಿಂಗಳು ನಾನು ಉಂಟರ್‌ರೀಡಿನ ಪ್ರಜೆಯಾಗಿ ಏನೇನು ಮಾಡಿದೆ ಎಂದು ದಾಖಲೆಗಾಗಿ ಹೇಳುತ್ತೇನೆ. ದಿನಾ ಏಳೂಕಾಲಿಗೆ ಸೇತುವೆ ದಾಟಿ ವೀಸೆನ್‌ಲೋಹ್‌ನ ಶಿಶುವಿಹಾರದ ಬಾಗಿಲು ತೆರೆದೆ. ನಾಲ್ಕು ಸಲ ಪೇಜರ್ ಕೂಗಿದಾಗ ಸೇತುವೆಯ ಮೇಲೆ ಸೈಕಲ್ ಓಡಿಸಿಕೊಂಡು ಬಂದು ವೀಸೆನ್‌ಲೋಹ್‌ನ ಗಾಡಿ ಹತ್ತಿದೆ. ಏಪ್ರಿಲ್‌ನಲ್ಲಿ ನಮ್ಮ ಮೇ ತಿಂಗಳ ಹಬ್ಬದ ಕಂಬವನ್ನು ಬೋಳಿಸಿ ಬಣ್ಣ ಹಚ್ಚಿಡುತ್ತೇವಲ್ಲ, ಹಳೆಯ ಪದ್ಧತಿಯಂತೆ ಪಕ್ಕದೂರಿನವರು ತಮಾಷೆಗೆ ಅದನ್ನು ಕದ್ದೊಯ್ಯಲು ಬರುತ್ತಾರಲ್ಲ, ಹಾಗಾಗದಂತೆ ಕಾಯುವ ಪಾಳಿಯಲ್ಲೂ ಕೂತೆ. ಆ ವರ್ಷ ಕದಿಯಲು ಹೊಂಚು ಹಾಕುತ್ತಿದ್ದವರು ಉಂಟರ್‌ರೀಡಿನವರೇ. ಮಟಮಟ ಮಧ್ಯಾಹ್ನ ಟ್ರ್ಯಾಕ್ಟರ್ ತಂದರು. ಅವರ ಮುಂದಾಳು ನನ್ನನ್ನು ನೋಡಿ ನಕ್ಕುಬಿಟ್ಟ. "ಏನಮ್ಮಾ, ಕಾಗದದ ಪ್ರಕಾರ ನೀನು ನಮ್ಮೂರವಳು. ಬಾ, ನೀನೂ ಒಂದು ಕೈ ಹಾಕು, ಎತ್ಕೊಂಡು ಹೋಗೋಣ!" ನಾನು ಕಂಬದ ಮೇಲೆ ಕುದುರೆ ಸವಾರಿಯ ಹಾಗೆ ಕೂತು, "ಮೊದ್ಲು ನನ್ನನ್ನ ಎತ್ತು ನೋಡೋಣ" ಎಂದೆ. ಎತ್ತಲಿಲ್ಲ. ಆ ಕಂಬ ಆ ವರ್ಷ ನಿಮ್ಮ ಕಚೇರಿಯ ಎದುರಲ್ಲೇ ನಿಂತಿತು. ಅದರ ಕೆಳಗೆ ನಿಂತು ಪುರಸಭೆಯ ಗಣ್ಯರು ಭಾಷಣ ಮಾಡಿದರು, ಒಗ್ಗಟ್ಟಿನ ಬಗ್ಗೆ.

ಮರುವರ್ಷ ಜೂನ್‌ನಲ್ಲಿ ಲಿಂಡನ್ ಬೀದಿಗೆ ಮರಳಿದೆವು. ಎರಡು ವಾರದೊಳಗೆ ಮತ್ತೆ ನೋಂದಾಯಿಸಿದೆ. ಇಷ್ಟೇ ನನ್ನ ಅಪರಾಧ. ನಾನು ಬಂದ ಆ ದಿನದಿಂದ, ನೀವು ಎಣಿಕೆ ನಿಲ್ಲಿಸಿದ ಕಳೆದ ಡಿಸೆಂಬರ್ ಕೊನೆಗೆ ಮೂರೂವರೆ ವರ್ಷ. ಪೂರ್ತಿ ವರ್ಷ ಮೂರು, ಅಂಕ ಮೂವತ್ತು. ಇಬ್ಬರು ಮಕ್ಕಳು, ಶಿಶುವಿಹಾರದ ಕೆಲಸ, ಅಗ್ನಿಶಾಮಕ ದಳ ಎಲ್ಲ ಸೇರಿ ನಮ್ಮದು ತೊಂಬತ್ತು. ಹದಿನಾಲ್ಕನೆಯ ಮನೆ ಹೋದದ್ದು ತೊಂಬತ್ತೈದಕ್ಕೆ. ಕಾಲುವೆ ದಾಟದಿದ್ದರೆ, ಅಲ್ಲ, ದಾಟಿದ್ದನ್ನು ನಿಮಗೆ ಹೇಳದಿದ್ದರೆ, ನೂರಹತ್ತು.

ಉಳಿದ ಹದಿನಾರು ಸಂಸಾರಗಳ ಯಾರ ದಾಖಲೆಯಲ್ಲೂ ಕಡಿತವಿಲ್ಲ. ಅವರು ಊರು ಬಿಟ್ಟು ಹೋಗಿದ್ದುದು ಇಡೀ ಊರಿಗೆ ಗೊತ್ತು, ನಿಮ್ಮ ಕಡತಗಳಿಗೆ ಮಾತ್ರ ಗೊತ್ತಿಲ್ಲ. ಅವರಲ್ಲಿ ಎಷ್ಟು ಜನ ಅರ್ಜಿ ಹಾಕಿದ್ದರು, ಯಾರಿಗೆ ಮನೆ ಸಿಕ್ಕಿದೆ ಎಂದು ನಾನು ಹೇಳುವುದಿಲ್ಲ. ಈ ಪತ್ರ ಓದಿದ ಕೂಡಲೇ ಅವರ ಕಡತ ತೆಗೆದು ಕೂರುವ ಉತ್ಸಾಹ ನಿಮಗೆ ಬಂದರೆ ಅದನ್ನು ಅಲ್ಲೇ ಅದುಮಿಡಿ. ಯಾರದೋ ಮನೆ ಕಿತ್ತು ನನಗೆ ಕೊಡಿ ಎಂದು ಕೇಳಲು ನಾನು ಬಂದಿಲ್ಲ. ಅವರಲ್ಲೊಬ್ಬರು ಪಟ್ಟಿ ಪ್ರಕಟವಾದ ಮರುದಿನ ಪ್ಲಮ್ ಹಣ್ಣಿನ ಕೇಕ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೇಕ್ ಮೇಜಿನ ಮೇಲಿಟ್ಟು ಕೋಟು ಬಿಚ್ಚದೆ ನಿಂತೇ ಇದ್ದರು.

"ವ್ರೋನಿ, ನಂಗೆ ನಿನ್ನ ಮುಖ ನೋಡಕ್ಕೆ ಆಗ್ತಿಲ್ಲ ಕಣೆ."

"ನೀನೇನು ಮಾಡಿದ್ದೀಯ?"

"ಏನೂ ಮಾಡ್ಲಿಲ್ಲ. ಅದೇ ಅಲ್ವಾ ಸಮಸ್ಯೆ? ನೀನು ಹೋಗಿ ಸಾಲಲ್ಲಿ ನಿಂತೆ, ನಾನು ಸೋಮಾರಿತನ ಮಾಡ್ಕೊಂಡು ಮನೇಲಿ ಕೂತೆ. ಸೋಮಾರಿಗೆ ಮನೆ ಸಿಕ್ತು." ಆಮೇಲೆ ದನಿ ತಗ್ಗಿಸಿ, "ನೀನು ರಾತ್ರಿಯೆಲ್ಲ ಲಿಂಡನ್ ಬೀದೀಲೇ ಮಲಗ್ತಿದ್ದೆ ಅಂತ ಸಾಕ್ಷಿ ಬೇಕಾದ್ರೆ ನಾನು ಹೇಳ್ತೀನಿ. ಎಲ್ಲಿ ಬೇಕಾದ್ರೂ ಹೇಳ್ತೀನಿ" ಎಂದರು.

ಆ ಮಾತು ಎಲ್ಲಿಂದ ಬಂತೆಂದು ಆಗ ತಿಳಿಯಲಿಲ್ಲ. ಮೂರು ದಿನ ಬಿಟ್ಟು ನಿಮ್ಮ ಕಚೇರಿಗೆ ಬಂದಾಗ ತಿಳಿಯಿತು. ಕಿಟಕಿಯ ಹಿಂದೆ ಅವರೇ ಇದ್ದರು, ಅವತ್ತು ನನ್ನನ್ನು ಹೊಗಳಿದವರು. ನನ್ನ ಕಡತ ತೆಗೆದು ನೋಡಿ ಅವರ ಮುಖ ಸಣ್ಣಗಾಯಿತು. ಸುತ್ತ ಒಮ್ಮೆ ನೋಡಿ ಒಂದು ನಮೂನೆ ಕಾಗದ ಮುಂದೆ ಸರಿಸಿದರು.

"ನೋಡಿ ಮೇಡಮ್, ಇದು ನೋಂದಣಿ ತಿದ್ದುಪಡಿ ಹೇಳಿಕೆ. ಆ ಹನ್ನೊಂದು ತಿಂಗಳು ನಿಜವಾಗಿ ಹಳೇ ಮನೇಲೇ ಮಲಗಿ ಎದ್ದಿದ್ದು, ಆಚೆ ಮನೆ ಬರೀ ಸಾಮಾನು ಇಡಕ್ಕೆ ಇತ್ತು, ತಪ್ಪು ತಿಳಿದು ನೋಂದಾಯಿಸಿದ್ವಿ ಅಂತ ಬರೆದು ಗಂಡ ಹೆಂಡ್ತಿ ಇಬ್ರೂ ಸಹಿ ಹಾಕಿ. ಸೋಮವಾರ ಹನ್ನೆರಡರ ಒಳಗೆ ಕೊಟ್ರೆ ಕಡಿತ ಅಳಿಸಿಹೋಗುತ್ತೆ."

"ಆ ಮನೇಲಿ ನೆಲವೇ ಇರ್ಲಿಲ್ಲವಲ್ಲ. ಪಾಯಿಖಾನೆ ಅಂಗಳದಲ್ಲಿತ್ತು."

"ಅದನ್ನ ನಾನು ಕೇಳಿದ್ನಾ?" ಎಂದರು, ತೀರಾ ಮೆತ್ತಗೆ. ಅವರು ಕೆಟ್ಟವರಲ್ಲ, ನನಗೆ ಒಳ್ಳೆಯದನ್ನೇ ಬಯಸಿದರು. ನಿಮ್ಮ ಕಚೇರಿಯಲ್ಲಿ ಕರುಣೆ ತೋರಲು ಉಳಿದಿರುವ ಒಂದೇ ದಾರಿ ಸುಳ್ಳಿನ ನಮೂನೆ ಎಂದಾದರೆ ಅದು ಅವರ ತಪ್ಪಲ್ಲ. ಅವರನ್ನು ಹುಡುಕಿ ನೋಟಿಸು ಕೊಡುವ ಶ್ರಮ ತೆಗೆದುಕೊಳ್ಳಬೇಡಿ. ಅವರನ್ನು ಅಂಥ ಇಕ್ಕಟ್ಟಿಗೆ ದೂಡಿದ ಷರತ್ತನ್ನು ಬರೆದವರು ಯಾರೆಂದು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ.

ಅಗ್ಗದ ಬಾಡಿಗೆ ಮನೆ ಹುಡುಕಬಾರದೇ ಎಂದು ನೀವು ಕೇಳಬಹುದು. ನಮ್ಮ ಮನೆಯ ಒಡತಿ ಕೆಟ್ಟ ಹೆಂಗಸಲ್ಲ. ಅವರ ಮಗಳು ಸಂಸಾರ ಸಮೇತ ಹಿಂದಿರುಗುತ್ತಿದ್ದಾಳೆ, ಅವರಿಗೆ ಮನೆ ಬೇಕು, ಕಾನೂನಿನ ಪ್ರಕಾರ ಒಂಬತ್ತು ತಿಂಗಳು ಮೊದಲೇ ತಿಳಿಸಿದ್ದಾರೆ. ಅವರು ತಿಳಿಸಿದಂದಿನಿಂದ ಮೂವತ್ತೊಂದು ಮನೆ ನೋಡಿದ್ದೇವೆ. ನೋಡಿದ್ದೇವೆ ಎನ್ನುವುದಕ್ಕಿಂತ ಅವುಗಳ ಮೆಟ್ಟಿಲ ಮೇಲೆ ನಿಂತಿದ್ದೇವೆ ಎನ್ನುವುದೇ ಸರಿ. ಒಂದು ಮನೆಗೆ ಎಂಬತ್ತು, ನೂರು ಜನ. ಎಲ್ಲರ ಕಂಕುಳಲ್ಲೂ ಕಡತ: ಸಂಬಳದ ಚೀಟಿ, ಹಳೆಯ ಮಾಲೀಕರ ಪ್ರಶಂಸಾಪತ್ರ, ನಗುತ್ತಿರುವ ಸಂಸಾರದ ಫೋಟೋ. ಒಬ್ಬ ದಲ್ಲಾಳಿ ನನ್ನ ಮಗನನ್ನು ತೋರಿಸಿ ಕೇಳಿದ, "ಇವನು ಮನೇಲಿ ಓಡ್ತಾನಾ?"

"ಒಂಬತ್ತು ವರ್ಷದ ಮಗು ಸ್ವಾಮಿ, ಓಡದೆ ಏನು ಮಾಡ್ತಾನೆ?" ಎಂದ ಲೆನ್ಸ್. ಆ ಮನೆ ಅಲ್ಲಿಗೆ ಕೈ ತಪ್ಪಿತು. ಅಂದಿನಿಂದ ಮನೆ ನೋಡಲು ಹೋಗುವಾಗಲೆಲ್ಲ ನನ್ನ ಮಗ ಕ್ಸಾವರ್ ತಾನಾಗಿಯೇ ಕೈಕಟ್ಟಿ ನಿಲ್ಲುತ್ತಾನೆ, ಯಾರೂ ಹೇಳಿಕೊಟ್ಟಿಲ್ಲ. ಈಗ ಸಿಗಬಹುದಾದ ಒಂದು ಮನೆ ಇರುವುದು ರೈಲಿನ ಕೊನೆಯ ನಿಲ್ದಾಣದಾಚೆ, ಬಸ್ಸಿನಲ್ಲಿ ಮತ್ತೆ ಅರ್ಧ ಗಂಟೆ. ಅಲ್ಲಿಗೆ ಹೋದರೆ ಮಕ್ಕಳ ಶಾಲೆ ಹೋಯಿತು, ನನ್ನ ಶಿಶುವಿಹಾರ ಹೋಯಿತು. ಅಗ್ನಿಶಾಮಕ ದಳದ ಸೇವೆಗೆ ಠಾಣೆಯಿಂದ ಆರು ನಿಮಿಷದೊಳಗಿನ ವಾಸ ಬೇಕು, ಅದೂ ಹೋಯಿತು. ಅಂದಹಾಗೆ, ಹಗಲು ಹೊತ್ತಿನಲ್ಲಿ ದೊಡ್ಡ ಗಾಡಿ ಓಡಿಸಲು ಊರಲ್ಲಿರುವವರು ನಾವು ಮೂವರು. ಉಳಿದವರೆಲ್ಲ ಹಗಲು ನಗರದಲ್ಲಿ ದುಡಿಯುತ್ತಾರೆ. ಇನ್ನು ಇಬ್ಬರು. ನಿಮ್ಮ ಅಂಕಪಟ್ಟಿಗೆ ಬೆಂಕಿ ಬಿದ್ದಾಗ ಆ ಇಬ್ಬರಲ್ಲಿ ಒಬ್ಬರಾದರೂ ರಜೆಯಲ್ಲಿರದಂತೆ ನೋಡಿಕೊಳ್ಳಿ.

ಲೆನ್ಸ್ ಬಗ್ಗೆ ಹೇಳಬೇಕು. ಅವನು ಎಲೆಕ್ಟ್ರಿಷಿಯನ್. ನಿಮ್ಮ ಹದಿನಾಲ್ಕು ಮನೆಗಳಿಗೂ ತಂತಿ ಎಳೆದವನು ಅವನೇ. ಅವನು ಕೆಲಸ ಮಾಡುವ ಕಂಪನಿಗೆ ಗುತ್ತಿಗೆ ಸಿಕ್ಕಿತ್ತು. ಒಂಬತ್ತನೆಯ ಮನೆಯ ಮೇಲಿನ ಚಿಕ್ಕ ಕೋಣೆಯಲ್ಲಿ ನಕ್ಷೆಯಲ್ಲಿಲ್ಲದ ಒಂದು ಪ್ಲಗ್ಗನ್ನು ಕಿಟಕಿಯ ಕೆಳಗೆ ಹಾಕಿದ್ದಾನೆ, ಮಾಗ್ದಾಳ ಓದುವ ಮೇಜು ಅಲ್ಲಿ ಬರುತ್ತದೆಂದು. ಅರ್ಜಿ ಹಾಕುವ ಮೊದಲೇ ಹಾಕಿದ್ದ. ನನಗೆ ಹೇಳಿದ್ದು ಪಟ್ಟಿ ಬಂದ ಮೇಲೆ. ಆ ಪ್ಲಗ್ಗಿನ ತಂತಿ ಅವನ ಸ್ವಂತದ್ದು, ಅದಕ್ಕೂ ಒಂದು ವಿಚಾರಣೆ ನಡೆಸಬೇಡಿ.

ನಿಮ್ಮ ಕಚೇರಿಯ ನಮೂನೆಯನ್ನು ಅವನು ನನ್ನ ಕೈಯಿಂದ ತೆಗೆದುಕೊಂಡು ಎರಡು ನಿಮಿಷದಲ್ಲಿ ತುಂಬಿ ಸಹಿ ಹಾಕಿದ. ಆಮೇಲೆ ಪೆನ್ನನ್ನು ನನ್ನ ಕಡೆ ಹೊರಳಿಸಿದ.

"ಇದು ಸುಳ್ಳು, ಲೆನ್ಸ್."

"ಹೂಂ, ಸುಳ್ಳೇ. ಅದಕ್ಕೇನೀಗ? ಹದಿನಾರು ಮನೆಯೋರು ಬಾಯಿ ಮುಚ್ಕೊಂಡಿದ್ದು ಸುಳ್ಳಲ್ವಾ?"

"ಅವರನ್ನ ಯಾರೂ ಕೇಳ್ಲಿಲ್ಲ. ನನ್ನನ್ನ ಕೇಳ್ತಿದ್ದಾರೆ."

"ವ್ರೋನಿ, ನಿನ್ನ ನೆಟ್ಟಗಿನ ಬುದ್ಧಿ ಹೊದ್ಕೊಂಡು ಮಲಗಕ್ಕಾಗುತ್ತಾ? ಅದಕ್ಕೆ ಬಾಗಿಲಿದ್ಯಾ, ಕಿಟಕಿ ಇದ್ಯಾ? ಒಂದ್ಸಲ, ಒಂದೇ ಒಂದ್ಸಲ, ನಮಗೋಸ್ಕರ ಸೊಟ್ಟಗಾಗು. ಯಾರಿಗೂ ನಷ್ಟ ಇಲ್ಲ."

ನನ್ನ ಗಂಡ ಎಂದೂ ಹಾಗೆ ಬೇಡಿದವನಲ್ಲ. ನಾನು ಪೆನ್ನು ಹಿಡಿದೆ. ನಿಜ ಹೇಳುತ್ತೇನೆ, ಹೆಸರಿನ ಮೊದಲ ಅಕ್ಷರ ಬರೆದೆ. ನಿಲ್ಲಿಸಿದ್ದಕ್ಕೆ ಕಾರಣ ಧರ್ಮವೂ ಅಲ್ಲ, ದೇವರೂ ಅಲ್ಲ. ಯಾರಿಗೂ ನಷ್ಟವಿಲ್ಲ ಎಂದನಲ್ಲ, ಅದು ಸರಿಯಲ್ಲ ಎಂದು ಹೊಳೆಯಿತು. ಹದಿನಾಲ್ಕನೆಯ ಮನೆ ಪಡೆದ ಸಂಸಾರ ತೊಂಬತ್ತೈದು ಅಂಕ ಪಡೆದದ್ದು ನ್ಯಾಯವಾಗಿಯೇ. ನನ್ನ ನೂರಹತ್ತು ಬಂದರೆ ಅವರು ಹೊರಗೆ. ನಿಜ ಹೇಳಿ ಅವರನ್ನು ಹಿಂದಿಕ್ಕಿದರೆ ಬೇಕರಿಯಲ್ಲಿ ಅವರೆದುರು ನಿಲ್ಲಬಲ್ಲೆ. ಈ ಕಾಗದದಿಂದ ಹಿಂದಿಕ್ಕಿದರೆ ಹೇಗೆ ನಿಲ್ಲಲಿ? ಮಾಗ್ದಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹದಿಮೂರರ ಹುಡುಗಿ. "ಅಮ್ಮಾ, ಆ ಮನೇಲಿದ್ದಾಗ ಸೇತುವೆ ಹೆಜ್ಜೆ ನಾನೇ ಎಣಿಸಿದ್ನಲ್ಲ. ಅವರು ಬಂದು ಕೇಳಿದ್ರೆ ನಾನೂ ಇಲ್ಲ ಅನ್ಬೇಕಾ?" ಎಂದಳು. ಲೆನ್ಸ್ ಎದ್ದು ಹೊರಗೆ ಹೋದ. ನಾನು ಅಡುಗೆಮನೆಯ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಅತ್ತೆ.

ಮಾನ್ಯರೇ, ಒಂದು ನಿಯಮ ಯಾರಿಗಾಗಿ? ಊರಿನವರನ್ನು ಗುರುತಿಸಲು ನೀವು ಜರಡಿ ಮಾಡಿದಿರಿ. ಊರು ಬಿಟ್ಟದ್ದನ್ನು ಬಚ್ಚಿಟ್ಟವರೆಲ್ಲ ಅದರಲ್ಲಿ ಉಳಿದರು, ಹೇಳಿದವಳೊಬ್ಬಳು ಸೋರಿ ಕೆಳಗೆ ಬಿದ್ದಳು. ಇದು ಊರಿನವರನ್ನು ಹುಡುಕುವ ಜರಡಿಯೋ, ಬಾಯಿ ಮುಚ್ಚಿಕೊಂಡಿರುವವರನ್ನು ಹುಡುಕುವ ಜರಡಿಯೋ? ಮುಂದಿನ ಸಲ ಪ್ರವಾಹ ಬಂದು ಜನ ಚದುರಿದಾಗ ನಿಮ್ಮ ಕಿಟಕಿಯ ಮುಂದೆ ಯಾರು ಬಂದು ನಿಲ್ಲುತ್ತಾರೆಂದು ನಂಬಿದ್ದೀರಿ? ಪ್ರವಾಹದಿಂದ ಮನೆ ಬಿಟ್ಟವಳಿಗೂ ಸ್ಪೇನಿನ ಕಡಲತೀರಕ್ಕೆ ಹೋದವನಿಗೂ ಒಂದೇ ಕಡಿತ ಬೀಳಬೇಕೆಂದು ಪುರಸಭೆಯ ಯಾವ ಸಭೆಯಲ್ಲಿ ತೀರ್ಮಾನವಾಯಿತು? ನಡಾವಳಿಯನ್ನು ನಾನು ಎರಡು ಸಲ ಓದಿದೆ. ಆ ಷರತ್ತಿನ ಬಗ್ಗೆ ಅಲ್ಲಿ ಒಂದು ಸಾಲು ಚರ್ಚೆಯೂ ಇಲ್ಲ. ಅದೇ ನಡಾವಳಿಯಲ್ಲಿ ಇನ್ನೊಂದು ಸಾಲಿದೆ: "ಅಸಾಧಾರಣ ಸಂದರ್ಭಗಳಲ್ಲಿ ವಿಭಾಗದ ಮುಖ್ಯಸ್ಥರು ವಿವೇಚನೆಯಿಂದ ನಿರ್ಧರಿಸಬಹುದು." ಬೇರೆ ಯಾರೂ ಅಲ್ಲ, ನೀವು. ಮನೆಯೊಳಗೆ ಕಾಲುವೆ ಬರುವುದು ಈ ಊರಿನಲ್ಲಿ ಸಾಧಾರಣ ಸಂದರ್ಭವೇ? ವಿವೇಚನೆಯನ್ನು ನೀವು ಯಾರಿಗಾಗಿ ಎತ್ತಿಟ್ಟಿದ್ದೀರಿ?

ಈಗ ಈ ಪತ್ರವನ್ನು ಬಹಿರಂಗವಾಗಿ ಬರೆದದ್ದೇಕೆಂದು ಹೇಳಿ ಮುಗಿಸುತ್ತೇನೆ. ನಿಮ್ಮ ಮಾನ ಕಳೆಯಲು ಅಲ್ಲ. ಆ ನಮೂನೆ ಇನ್ನೂ ನಮ್ಮ ಮೇಜಿನ ಖಾನೆಯಲ್ಲಿದೆ, ಸೋಮವಾರ ಬರಲು ಇನ್ನೂ ಮೂರು ದಿನವಿದೆ. ನನಗೆ ನನ್ನ ಮೇಲೇ ನಂಬಿಕೆಯಿಲ್ಲ. ಮಗ ಕೈಕಟ್ಟಿ ನಿಂತದ್ದನ್ನು ಇನ್ನೊಂದು ಸಲ ನೋಡಿದರೆ ಸಹಿ ಹಾಕಿಬಿಡುತ್ತೇನೆ. ಅಷ್ಟು ಸೋತಿದ್ದೇನೆ. ಈ ಪತ್ರ ಅಚ್ಚಾದ ಮೇಲೆ ಮಾತ್ರ ಆ ಕಾಗದ ಯಾರ ಕೈಯಲ್ಲೂ ಬೆಲೆ ಬಾಳುವುದಿಲ್ಲ. ನಾವು ಉಂಟರ್‌ರೀಡಿನಲ್ಲೇ ಮಲಗಿದ್ದೆವು, ಹನ್ನೊಂದು ತಿಂಗಳು, ನಾಲ್ವರೂ, ಎರಡು ಕೋಣೆಯಲ್ಲಿ. ಇಡೀ ಊರಿನ ಮುಂದೆ ಹೇಳಿಯಾಯಿತು. ನಮಗಿದ್ದ ಒಂದೇ ಕಳ್ಳದಾರಿಯನ್ನು ನನ್ನ ಕೈಯಾರೆ ಮುಚ್ಚಿದ್ದೇನೆ.

ಪತ್ರಿಕೆಗೆ ಕಳಿಸುವ ಮೊದಲು, ಇಲ್ಲಿಯವರೆಗೆ ಬರೆದದ್ದನ್ನು ಲೆನ್ಸ್‌ಗೆ ಓದಲು ಕೊಟ್ಟೆ. ಕೂಗಾಡುತ್ತಾನೆಂದುಕೊಂಡಿದ್ದೆ. ಪೂರ್ತಿ ಓದಿದ, ಹಾಳೆಗಳನ್ನು ಒಟ್ಟುಮಾಡಿ ಅಂಚು ಸರಿಮಾಡಿದ. "ಕಳ್ಸು," ಎಂದ. ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಆದ್ರೆ ಮನೆ ಸಿಗ್ಲಿಲ್ಲ ಅಂದ್ರೆ ಮಕ್ಕಳಿಗೆ ನೀನೇ ಹೇಳ್ಬೇಕು. ನನ್ನ ಕೈಲಿ ಆಗಲ್ಲ."

ಹಾಗಾಗಿ ನನ್ನ ಬೇಡಿಕೆ ಇದು, ದಯೆಯ ಮಾತು ಇದರಲ್ಲಿಲ್ಲ. ಹನ್ನೊಂದು ತಿಂಗಳನ್ನು ಹನ್ನೊಂದು ತಿಂಗಳೆಂದೇ ಎಣಿಸಿ. ಕಳೆಯಬೇಕಾದರೆ ಅಷ್ಟನ್ನೇ ಕಳೆಯಿರಿ. ಅದಕ್ಕೂ ಹಿಂದಿನ ಮೂವತ್ತೊಂಬತ್ತು ವರ್ಷ ನಾನು ಇಲ್ಲಿದ್ದೆ ಎಂದು ಒಪ್ಪಿಕೊಳ್ಳಿ. ಇದರಿಂದ ಇನ್ನೊಂದು ಸಂಸಾರ ಹೊರಗೆ ಬೀಳುವುದಾದರೆ ಹದಿನೈದನೆಯ ಮನೆ ಕಟ್ಟಿ. ಕ್ವಾರಿಯ ಪಕ್ಕದಲ್ಲಿ ಅತಿಥಿಗಳ ಕಾರು ನಿಲ್ಲಿಸಲು ನೀವು ಬಿಟ್ಟ ಜಾಗ ಅದಕ್ಕೆ ಸಾಕು, ತಂತಿ ಎಳೆಯಲು ಆಳು ಗೊತ್ತಿದೆ. ಉತ್ತರ ಇಲ್ಲವೆಂದಾದರೆ ಅದನ್ನೂ ಸಹಿ ಹಾಕಿ ಬರಹದಲ್ಲಿ ಕೊಡಿ. ಸ್ವೀಕೃತಿ ಚೀಟಿ ಬೇಡ.

ನಿಮ್ಮ ಗಡುವು ಸೋಮವಾರ ಹನ್ನೆರಡಕ್ಕೆ ಮುಗಿಯುತ್ತದೆ. ನನ್ನ ಮಕ್ಕಳು ಶಾಲೆಯಿಂದ ಬರುವುದು ಒಂದು ಗಂಟೆಗೆ. ಅಷ್ಟರೊಳಗೆ ನನಗೊಂದು ಮಾತು ಬೇಕು. ಊರು ನಮ್ಮನ್ನು ಎಣಿಸಿತು ಎಂದು ಹೇಳಲೋ, ಅಮ್ಮ ನಿಜ ಹೇಳಿದ್ದಕ್ಕೆ ನಾವು ಊರು ಬಿಡುತ್ತಿದ್ದೇವೆ ಎಂದು ಹೇಳಲೋ? ಅವರಿಗೆ ಹೇಳಬೇಕಾದವಳು ನಾನು. ಏನು ಹೇಳಬೇಕೆಂದು ತೀರ್ಮಾನಿಸುವವರು ನೀವು.

ಇಂತಿ,
ಮಾರ್ಚ್ ಮೂವತ್ತೊಂದರವರೆಗಂತೂ ನಿಮ್ಮೂರಿನವಳೇ ಆಗಿರುವ
ವೆರೋನಿಕಾ ಥಾಲ್‌ಮಾಯರ್